ಬಳ್ಳ ಮೊದಲೋ, ಬಸಿಗಾಲುವೆ ಮೊದಲೋ

ನಮ್ಮೂರ ಕಡೆಯ ಬೇಸಾಯದ ಮಾತುಗಳನ್ನು ಗುರುತು ಹಾಕಿಕೊಳ್ಳುವುದು ನನ್ನ ಹಳೆಯ ಚಟ. ಕೊಳಗ, ಬಳ್ಳ, ಮೊಳ, ಬಸಿಗಾಲುವೆ, ಕೊಸರು ಹೀಗೆ. ನೋಟ್‌ಬುಕ್ಕಿನಲ್ಲಿದ್ದ ಪಟ್ಟಿಯನ್ನು ಒಂದು ದಿನ ಲ್ಯಾಪ್‌ಟಾಪಿನ ಪುಟ್ಟ ಡೇಟಾಬೇಸಿಗೆ ತುಂಬಿಸಿ, ಅಕಾರಾದಿಯಾಗಿ ಜೋಡಿಸು ಎಂದೆ. ಕಣ್ಣು ಮಿಟುಕಿಸುವುದರೊಳಗೆ ಜೋಡಿಸಿಕೊಟ್ಟಿತು. ಆದರೆ ಬಸಿಗಾಲುವೆಗಿಂತ ಬಳ್ಳ ಮುಂದೆ, ಕೊಸರಿಗಿಂತ ಕೊಳಗ ಮುಂದೆ. ‘ಯ ರ ಲ ವ ಶ ಷ ಸ ಹ ಳ’ ಎಂದು ರಾಗವಾಗಿ ಹೇಳಿಕೊಂಡು ಬೆಳೆದವರಿಗೆ ಇದು ಕಲ್ಲು ಸಿಕ್ಕಿದ ಅನ್ನ. ಳ ಬರಬೇಕಾದ್ದು ಎಲ್ಲರ ಕೊನೆಗೆ.

ತಪ್ಪು ಎಲ್ಲಿಯದು ಎಂದು ಹುಡುಕಿದರೆ ಅದು ಯಂತ್ರದ ತಪ್ಪೇ ಅಲ್ಲ. ನಾನು ಬಳಸಿದ್ದು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಲೈಬ್ರರಿ. ಎರಡು ಪದಗಳಲ್ಲಿ ಯಾವುದು ಮುಂದೆ ಎಂದು ಕೇಳಿದಾಗ ಅದು ಅಕ್ಷರ ನೋಡುವುದಿಲ್ಲ, ಅಕ್ಷರವನ್ನು ಬರೆದಿಟ್ಟ ಬೈಟುಗಳೆಂಬ ಸಂಖ್ಯೆಗಳನ್ನು ನೋಡುತ್ತದೆ. ಯೂನಿಕೋಡ್‌ನ ಯುಟಿಎಫ್-8 ಬರವಣಿಗೆಯಲ್ಲಿ ಗುಣಿತ, ಒತ್ತು ಸೇರದ ಪ್ರತಿ ಕನ್ನಡ ಅಕ್ಷರಕ್ಕೂ ಮೂರು ಬೈಟು. ಳ ಎಂದರೆ 224, 178, 179. ಸ ಎಂದರೆ 224, 178, 184. ಮೊದಲೆರಡು ಸಮ, ಮೂರನೆಯದರಲ್ಲಿ 179 ಚಿಕ್ಕದು. ಹಾಗಾಗಿ ಬಳ್ಳವೇ ಮುಂದೆ. ಲೆಕ್ಕ ಸರಿಯಾಗಿದೆ, ಕನ್ನಡ ತಪ್ಪಾಗಿದೆ.

ಳ ಹೀಗೆ ಲ ಪಕ್ಕದಲ್ಲಿ ಕೂತಿದ್ದಕ್ಕೆ ಒಂದು ಹಿನ್ನೆಲೆಯಿದೆ. ಭಾರತದ ಲಿಪಿಗಳನ್ನೆಲ್ಲ ಒಂದೇ ಅಚ್ಚಿನಲ್ಲಿ ಇರಿಸಲು 1980ರ ದಶಕದಲ್ಲಿ ಇಸ್ಕಿ ಎಂಬ ಸಂಕೇತ ಪದ್ಧತಿ ಬಂತು. ಯೂನಿಕೋಡ್ ಅದನ್ನೇ ಅನುಸರಿಸಿತು. ಎಲ್ಲ ಲಿಪಿಗಳೂ ಒಂದೇ ಅಳತೆಯ ಗೂಡುಗಳಲ್ಲಿ ಕೂರಬೇಕು: ಲ, ಅದರ ಪಕ್ಕ ಳ, ಆಮೇಲೆ ತಮಿಳು ಮಲಯಾಳಗಳ ೞ, ನಂತರ ವ. ಕನ್ನಡದ ಸಾಲಿನಲ್ಲಿ ಆ ಮೂರನೆಯ ಗೂಡು ಇವತ್ತಿಗೂ ಖಾಲಿ. ನಮ್ಮ ಹಳಗನ್ನಡದ ೞ ಬೇರೆಲ್ಲೋ, ಸಾಲಿನ ಬಾಲದ ಕಡೆ ಇದೆ. ಸಂಕೇತದ ಸಂಖ್ಯೆಯೇ ಬೇರೆ, ವರ್ಣಮಾಲೆಯ ಕ್ರಮವೇ ಬೇರೆ ಎಂಬುದನ್ನು ಯೂನಿಕೋಡ್‌ನವರೂ ಒಪ್ಪುತ್ತಾರೆ. ಅದಕ್ಕಾಗಿಯೇ ಐಸಿಯು ಎಂಬ ಇನ್ನೊಂದು ಲೈಬ್ರರಿ ಇದೆ. ಯಾವ ಭಾಷೆಯಲ್ಲಿ ಯಾವ ಅಕ್ಷರದ ಮುಂದೆ ಯಾವುದು ಎಂಬ ನಿಯಮಗಳೆಲ್ಲ ಅದರ ಹೊಟ್ಟೆಯಲ್ಲಿವೆ, ಕನ್ನಡದ್ದೂ ಇದೆ.

ಹಾಗಿದ್ದರೆ ಎಸ್‌ಕ್ಯೂಲೈಟ್ ಅದನ್ನು ಯಾಕೆ ಬಳಸುವುದಿಲ್ಲ? ಬಳಸುತ್ತದೆ, ಕಟ್ಟುವಾಗಲೇ ಹೇಳಿದ್ದರೆ! ನನ್ನ ಲ್ಯಾಪ್‌ಟಾಪಿಗೆ ಸಿದ್ಧವಾಗಿ ಬಂದಿದ್ದ ಪ್ರತಿಯಲ್ಲಿ ಯಾರೂ ಹೇಳಿರಲಿಲ್ಲ. ಅಂಗಡಿಯ ದೋಸೆಹಿಟ್ಟಿನ ಪ್ಯಾಕೆಟ್ಟಿಗೆ ಆಮೇಲೆ ಮೆಂತ್ಯ ಸೇರಿಸುವುದಕ್ಕಿಂತ ರುಬ್ಬುವಾಗಲೇ ಹಾಕುವುದು ಮೇಲು ಅನ್ನಿಸಿತು. ಅಂದರೆ ಸೋರ್ಸ್ ಕೋಡ್ ಎಂಬ ಮೂಲ ಬರಹವನ್ನು ತಂದು ಮನೆಯಲ್ಲೇ ರುಬ್ಬಬೇಕು.

ಲೈಬ್ರರಿ ಎಂದರೆ ಇಲ್ಲಿ ಪುಸ್ತಕಾಲಯವಲ್ಲ. ತಾನಾಗಿ ಓಡುವ ಪ್ರೋಗ್ರಾಮೂ ಅಲ್ಲ. ಬೇರೆ ಪ್ರೋಗ್ರಾಮುಗಳು ಕರೆದಾಗ ಬಂದು, ಕೆಲಸ ಮುಗಿಸಿ ಹೋಗುವ ಬಡಗಿಯ ಹಾಗೆ. ದೊಡ್ಡ ಡೇಟಾಬೇಸುಗಳಿಗೆ ಸರ್ವರ್ ಎಂಬ ಪ್ರತ್ಯೇಕ ಕಚೇರಿ ಬೇಕು. ಪ್ರೋಗ್ರಾಮು ಅದರ ಬಾಗಿಲು ತಟ್ಟಿ ಮಾಹಿತಿ ಕೇಳಬೇಕು. ಎಸ್‌ಕ್ಯೂಲೈಟ್‌ಗೆ ಕಚೇರಿಯೇ ಇಲ್ಲ. ಕರೆದ ಪ್ರೋಗ್ರಾಮಿನ ಒಳಗೇ ಸೇರಿಕೊಂಡು, ಡಿಸ್ಕಿನಲ್ಲಿರುವ ಒಂದೇ ಒಂದು ಫೈಲನ್ನು ನೇರವಾಗಿ ಓದಿ ಬರೆಯುತ್ತದೆ.

ಈ ವಿಚಾರ ಹುಟ್ಟಿದ್ದು ಯುದ್ಧನೌಕೆಯ ಕೆಲಸದಲ್ಲಿ. 2000ದ ಹೊತ್ತಿಗೆ ಅಮೆರಿಕದ ರಿಚರ್ಡ್ ಹಿಪ್, ಆಸ್ಕರ್ ಆಸ್ಟಿನ್ ಎಂಬ ನೌಕೆಗೆ ತಂತ್ರಾಂಶ ಬರೆಯುತ್ತಿದ್ದರು. ಡೇಟಾಬೇಸ್ ಸರ್ವರ್ ನಿಂತುಹೋದರೆ ಅವರ ಪ್ರೋಗ್ರಾಮು ‘ಸಂಪರ್ಕ ಸಿಗುತ್ತಿಲ್ಲ’ ಎಂದು ಕೈಚೆಲ್ಲುತ್ತಿತ್ತು. ಮಾಹಿತಿ ಇರುವುದು ಡಿಸ್ಕಿನಲ್ಲಿ, ನಡುವೆ ಈ ಸರ್ವರ್ ಎಂಬ ದಲ್ಲಾಳಿ ಯಾಕೆ ಅನ್ನಿಸಿತು ಅವರಿಗೆ. ಅದೇ ವರ್ಷ ಆಗಸ್ಟಿನಲ್ಲಿ ಮೊದಲ ಆವೃತ್ತಿ ಬಂತು, 2004ರಲ್ಲಿ ಇವತ್ತಿನ 3ನೇ ಪೀಳಿಗೆ. ಈಗ ಆಂಡ್ರಾಯ್ಡ್, ಐಫೋನ್, ಬ್ರೌಸರು ಎಲ್ಲೆಲ್ಲೂ ಇದೇ. ಒಂದು ಲಕ್ಷ ಕೋಟಿಗೂ ಹೆಚ್ಚು ಎಸ್‌ಕ್ಯೂಲೈಟ್ ಡೇಟಾಬೇಸುಗಳು ಬಳಕೆಯಲ್ಲಿರಬಹುದು ಎಂದು ತಯಾರಕರ ಅಂದಾಜು. ಹಿಪ್ ಮಾತ್ರ ಅದರ ಹೆಸರನ್ನು ‘ಎಸ್-ಕ್ಯೂ-ಎಲ್-ಐಟ್’ ಎಂದು, ಯಾವುದೋ ಖನಿಜದ ಹೆಸರಿನಂತೆ ಉಚ್ಚರಿಸುತ್ತಾರೆ. ನನ್ನ ನಾಲಿಗೆ ಅದಕ್ಕೆ ಹೊರಳುವುದಿಲ್ಲ.

ಎಸ್‌ಕ್ಯೂಲೈಟನ್ನು ಡೌನ್‌ಲೋಡ್ ಮಾಡಿ ಬಿಚ್ಚಿದೆ. ಇಷ್ಟು ದೊಡ್ಡ ಮನೆತನದ ಸೋರ್ಸ್ ಕೋಡ್ ಎಂದರೆ ನೂರಾರು ಫೈಲುಗಳ ಕಾಡು ಎಂದುಕೊಂಡಿದ್ದೆ. ಮುಖ್ಯವಾದದ್ದು ಒಂದೇ ಫೈಲು! ಬರೆಯುವಾಗ ನೂರಕ್ಕೂ ಹೆಚ್ಚು ಫೈಲುಗಳಾಗಿ ಬರೆದು, ಹಂಚುವಾಗ ಎಲ್ಲವನ್ನೂ ಒಂದರ ಕೆಳಗೊಂದು ಅಂಟಿಸಿ ಎರಡು ಲಕ್ಷಕ್ಕೂ ಮೀರಿದ ಸಾಲುಗಳ, ಸಿ ಭಾಷೆಯ ಒಂದು ಫೈಲು ಮಾಡುತ್ತಾರೆ. ಇದು ಬರೀ ಅನುಕೂಲಕ್ಕಲ್ಲ. ಕಂಪೈಲರ್ ಎಂಬ ಅನುವಾದಕನಿಗೆ ಇಡೀ ಗ್ರಂಥ ಒಟ್ಟಿಗೆ ಕಂಡರೆ, ಎಲ್ಲಿ ಅಡ್ಡದಾರಿ ಹಿಡಿಯಬಹುದು ಎಂದು ತಿಳಿಯುತ್ತದೆ. ಬಿಡಿ ಫೈಲುಗಳಿಂದ ಕಟ್ಟಿದ್ದಕ್ಕಿಂತ ಶೇ. 5ರಿಂದ 10ರಷ್ಟು ವೇಗ ಹೆಚ್ಚು. ಫೈಲಿನ ನೆತ್ತಿಯಲ್ಲಿ ಕಾಪಿರೈಟ್ ಎಚ್ಚರಿಕೆ ಹುಡುಕಿದರೆ ಸಿಗುವುದಿಲ್ಲ. ಹಿಪ್ ಅದನ್ನು ಸಾರ್ವಜನಿಕರ ಸ್ವತ್ತಾಗಿ ಬಿಟ್ಟುಕೊಟ್ಟಿದ್ದಾರೆ. ಒಳಗಿನ ಕೋಡಿನಲ್ಲಿ ಎಚ್ಚರಿಕೆಯ ಜಾಗದಲ್ಲಿ ಓದುವವರಿಗೆ ಒಂದು ಆಶೀರ್ವಾದ ಬರೆದಿದ್ದಾರೆ. ವಕೀಲರಿಗೆ ಕೆಲಸವಿಲ್ಲ.

ಇನ್ನು ಕಟ್ಟುವ ಕೆಲಸ. ಮೊದಲು ‘ಕನ್ಫಿಗರ್’. ಇದು ಮನೆ ಕಟ್ಟುವ ಮುಂಚೆ ಜಾಗ ನೋಡಿಕೊಂಡು ಹೋಗುವ ಮೇಸ್ತ್ರಿ. ಕಂಪೈಲರ್ ಇದೆಯೇ, ಬೇಕಾದ ಲೈಬ್ರರಿಗಳಿವೆಯೇ ಎಂದು ಒಂದೊಂದೇ ಪರೀಕ್ಷಿಸಿ, ಕೊನೆಗೆ ಕೆಲಸದ ಪಟ್ಟಿ ಬರೆದಿಡುತ್ತದೆ. ಐಸಿಯು ಸೇರಿಸು ಎಂಬ ಸೂಚನೆಯನ್ನು ನಾನು ಕೊಟ್ಟಿದ್ದು ಇಲ್ಲೇ. ಆಮೇಲೆ ‘ಮೇಕ್’, ಆ ಪಟ್ಟಿ ಹಿಡಿದು ಕಂಪೈಲರಿಗೆ ಕೆಲಸ ಹಚ್ಚುವವನು.

ಕೆಲಸ ಶುರುವಾದ ಕೂಡಲೇ ನಿಂತಿತು. ಐಸಿಯುವಿನ ಯಾವುದೋ ಫೈಲು ಸಿಗುತ್ತಿಲ್ಲವಂತೆ. ಆದರೆ ಐಸಿಯು ನನ್ನ ಯಂತ್ರದಲ್ಲಿ ಇತ್ತು! ಮೊದಲ ಸಲ ಕಟ್ಟುವವರೆಲ್ಲ ಎಡವುವುದು ಈ ಹೊಸ್ತಿಲಲ್ಲೇ. ಲೈಬ್ರರಿಗೆ ಎರಡು ಮುಖ. ಒಂದು ಓಡುವ ಯಂತ್ರಭಾಷೆಯ ಫೈಲು, ಇನ್ನೊಂದು ಹೆಡರ್ ಫೈಲು. ಹೆಡರ್ ಎಂದರೆ ಹೋಟೆಲಿನ ಗೋಡೆಯ ಮೇಲಿನ ತಿಂಡಿಪಟ್ಟಿ. ಒಳಗೆ ಏನೇನು ಸಿಗುತ್ತದೆ, ಹೇಗೆ ಕೇಳಬೇಕು ಎಂಬುದಷ್ಟೇ ಅದರಲ್ಲಿರುತ್ತದೆ, ಅಡುಗೆ ಇರುವುದಿಲ್ಲ. ಬಳಸುವವರಿಗೆ ಮೊದಲನೆಯದು ಸಾಕು, ಕಟ್ಟುವವರಿಗೆ ಎರಡೂ ಬೇಕು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಹೆಡರುಗಳು ‘ಡೆವ್’ ಎಂಬ ಬಾಲವಿರುವ ಬೇರೆ ಪ್ಯಾಕೇಜಿನಲ್ಲಿ ಇರುತ್ತವೆ. ಅದನ್ನು ಹಾಕಿದ ಮೇಲೆ ಕಂಪೈಲರ್ ಮುಂದೆ ಸಾಗಿತು.

ಮುಂದಿನ ತಗಾದೆ ಲಿಂಕರಿನದು. ಕಂಪೈಲರ್ ಅನುವಾದ ಮಾಡುತ್ತದೆ. ಆ ಅನುವಾದದಲ್ಲಿ ‘ಇಲ್ಲಿ ಐಸಿಯುವಿನ ಇಂಥ ಕೆಲಸಗಾರನನ್ನು ಕರೆ’ ಎಂಬ ಖಾಲಿ ಜಾಗಗಳು ಉಳಿದಿರುತ್ತವೆ. ಅವನ್ನು ನಿಜವಾದ ಲೈಬ್ರರಿಗೆ ಗಂಟು ಹಾಕುವವನು ಲಿಂಕರ್. ಯಾವ ಲೈಬ್ರರಿ ಎಂದು ಹೆಸರು ಹೇಳಿರಲಿಲ್ಲ ನಾನು, ಅವನೂ ಊಹಿಸಲಿಲ್ಲ. ಎರಡು ಹೆಸರು ಸೇರಿಸಿದೆ, ಮುಗಿಯಿತು. ‘ಮೇಕ್ ಇನ್‌ಸ್ಟಾಲ್’ ಹೊಸ ಲೈಬ್ರರಿಯನ್ನು ಲೋಕಲ್ ಎಂಬ ಫೋಲ್ಡರಿನಲ್ಲಿ ಇಟ್ಟಿತು. ಸಿಸ್ಟಮ್ಮಿನ ಸ್ವಂತ ಪ್ರತಿಯನ್ನು ಮುಟ್ಟಬಾರದು ಎಂಬ ಒಳ್ಳೆಯ ಸಂಪ್ರದಾಯ ಅದು.

ಪೈಥಾನ್ ಪ್ರೋಗ್ರಾಮಿನಿಂದ ಪಟ್ಟಿ ಕೇಳಿದೆ. ಮತ್ತೆ ಬಳ್ಳ ಮುಂದೆ! ಯಾವ ಆವೃತ್ತಿ ಎಂದು ಕೇಳಿದರೆ ಹಳೆಯದರ ಸಂಖ್ಯೆ ಹೇಳಿತು. ಪ್ರೋಗ್ರಾಮುಗಳು ಲೈಬ್ರರಿ ಬೇಕಾದಾಗ ಡಿಸ್ಕನ್ನೆಲ್ಲ ಜಾಲಾಡುವುದಿಲ್ಲ. ಯಾವುದು ಎಲ್ಲಿದೆ ಎಂದು ಮೊದಲೇ ಬರೆದಿಟ್ಟ ಒಂದು ವಿಳಾಸಪಟ್ಟಿ ನೋಡುತ್ತವೆ. ಹೊಸಬ ಮನೆಗೆ ಬಂದಿದ್ದ, ಪಟ್ಟಿಯಲ್ಲಿ ಹೆಸರು ಸೇರಿಸಿರಲಿಲ್ಲ. ‘ಎಲ್‌ಡಿಕನ್ಫಿಗ್’ ಎಂಬ ಒಂದು ಕಮಾಂಡು ಆ ಪಟ್ಟಿಯನ್ನು ಹೊಸದಾಗಿ ಬರೆಯುತ್ತದೆ. ಇದು ಗೊತ್ತಾಗುವ ಹೊತ್ತಿಗೆ ಒಂದು ಸಂಜೆ ಪೂರ್ತಿ ಹೋಗಿತ್ತು. ಕಂಪೈಲ್ ಆಗಲು ಹಿಡಿದದ್ದು ಒಂದು ನಿಮಿಷ.

ಲೈಬ್ರರಿ ಸಿಕ್ಕಿದ ಮೇಲೂ ಕನ್ನಡ ಕ್ರಮ ತಾನಾಗಿ ಬರುವುದಿಲ್ಲ. ಡೇಟಾಬೇಸ್ ತೆರೆದಾಗಲೆಲ್ಲ ಕನ್ನಡದ ನಿಯಮವನ್ನು ಎತ್ತಿಕೋ ಎಂದು ಒಂದು ಸಾಲು ಹೇಳಿ, ಜೋಡಿಸುವಾಗ ಆ ನಿಯಮದ ಹೆಸರು ಕೊಡಬೇಕು. ಕೊಟ್ಟೆ. ಕೊಸರು, ಆಮೇಲೆ ಕೊಳಗ. ಬಸಿಗಾಲುವೆ, ಆಮೇಲೆ ಬಳ್ಳ.

ಇದನ್ನು ಎಲ್ಲರಿಗೂ ಮೊದಲೇ ಸೇರಿಸಿ ಕೊಡಬಾರದೇ ಎಂದು ಸಿಟ್ಟು ಬರುತ್ತದೆ. ಆದರೆ ಎಸ್‌ಕ್ಯೂಲೈಟ್ ಎಲ್ಲ ಸೌಲಭ್ಯ ಸೇರಿದರೂ ಸುಮಾರು ಒಂದು ಎಂಬಿಯ ಆಸುಪಾಸಿನ ಜೀವ. ಯೂನಿಕೋಡಿನ ದೊಡ್ಡಕ್ಷರ ಸಣ್ಣಕ್ಷರಗಳ ಕೋಷ್ಟಕ ಸೇರಿಸಿದರೇ ಗಾತ್ರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂದು ತಯಾರಕರು ಅದನ್ನು ಹೊರಗಿಟ್ಟಿದ್ದಾರೆ. ಎಲ್ಲ ಭಾಷೆಗಳ ನಿಯಮ ಹೊತ್ತ ಐಸಿಯು ಅದಕ್ಕಿಂತ ಹಲವು ಪಟ್ಟು ದೊಡ್ಡದು. ಪುಟ್ಟ ಉಪಕರಣಗಳ ಒಳಗೂ ಕೂರಬೇಕಾದದ್ದು ಇಷ್ಟು ಹೊರೆ ಹೊರಲಾರದು. ಅವರ ಲೆಕ್ಕ ನನಗೆ ಅರ್ಥವಾಗುತ್ತದೆ, ಪೂರ್ತಿ ಒಪ್ಪಿಗೆಯಿಲ್ಲ.

ಉತ್ಸಾಹದಲ್ಲಿ ಟೇಬಲ್ಲಿನ ರಚನೆಯಲ್ಲೇ ಕನ್ನಡ ಕ್ರಮವನ್ನು ಬರೆದು, ಫೈಲನ್ನು ತಮ್ಮನಿಗೆ ಕಳಿಸಿದೆ. ಅವನ ಕಂಪ್ಯೂಟರಿನಲ್ಲಿದ್ದದ್ದು ಸಿದ್ಧ ಪ್ರತಿ. ಜೋಡಿಸು ಎಂದೊಡನೆ, ಕನ್ನಡ ಎಂಬ ಹೆಸರಿನ ಕ್ರಮ ನನಗೆ ಗೊತ್ತಿಲ್ಲ ಎಂದು ಕೈಯಲ್ಲಾಡಿಸಿಬಿಟ್ಟಿತಂತೆ. ಆ ಸಾಲನ್ನು ತೆಗೆದು ಇನ್ನೊಮ್ಮೆ ಕಳಿಸಿದೆ. ಈಗ ಒಂದೇ ಫೈಲು ನನ್ನಲ್ಲಿ ಬಸಿಗಾಲುವೆ, ಬಳ್ಳ ಎನ್ನುತ್ತದೆ, ಅವನಲ್ಲಿ ಬಳ್ಳ, ಬಸಿಗಾಲುವೆ.