ಕೋಡಿಮಠದ ನಾಡಿನಲ್ಲಿ ನೊಂದ ಮಕ್ಕಳು

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠವನ್ನು ವರ್ಣಿಸುವ 1162ರ ಶಾಸನವು, ಅಲ್ಲಿ ವೇದವ್ಯಾಕರಣಗಳ ಅಧ್ಯಯನವು ನಡೆಯುತ್ತಿತ್ತೆಂಬಷ್ಟಕ್ಕೇ ತೃಪ್ತಿಗೊಳ್ಳದೆ, ದೀನರಿಗೂ ಅಂಗವಿಕಲರಿಗೂ ಅನ್ನವೂ, ಅನಾಥ ರೋಗಿಗಳಿಗೆ ಚಿಕಿತ್ಸೆಯೂ ದೊರೆಯುತ್ತಿದ್ದುವೆಂದು ಸಾರುತ್ತದೆ. ಪಾಂಡಿತ್ಯದ ಪಕ್ಕದಲ್ಲಿಯೇ ಆರೈಕೆಯನ್ನೂ ಎಣಿಸಿದ ಆ ಶಾಸನಕಾರನ ವಿವೇಕವು ನನಗೆ ಪಾಂಡಿತ್ಯಕ್ಕಿಂತಲೂ ದೊಡ್ಡದಾಗಿ ತೋರುತ್ತದೆ.

ಇಂದು ಅದೇ ನಾಡಿನ ಸೊರಬದ ಬಸ್ ನಿಲ್ದಾಣದಲ್ಲಿ ಮನೆ ತೊರೆದು ಬಂದ ಮಗುವೊಂದು ಕಣ್ಣಿಗೆ ಬಿದ್ದರೆ, 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಅದನ್ನು, ಪ್ರಯಾಣದ ಹೊತ್ತನ್ನು ಬಿಟ್ಟು, 24 ಗಂಟೆಗಳೊಳಗಾಗಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಕಾಯ್ದೆಯು ಲೆಕ್ಕದಿಂದ ಕೈಬಿಟ್ಟಿರುವ ಆ ಪ್ರಯಾಣದ ಹೊತ್ತೇ, ನನ್ನೆಣಿಕೆಯಲ್ಲಿ, ಅತ್ಯಂತ ಮುಖ್ಯವಾದುದು. ಜೊತೆಗೆ ಹೋಗುವ ಹಿರಿಯರು ಮೊದಲು ಊಟ ಕೊಡಿಸಿ, ಎಲ್ಲಿಗೆ ಹೋಗುತ್ತಿದ್ದೇವೆಂಬುದನ್ನು ತಿಳಿಸಿ, ಮಗುವು ತಾನಾಗಿ ಹೇಳಿದುದನ್ನು ಮಾತ್ರ ಕೇಳಿಕೊಂಡು, ಅದೇ ಕತೆಯನ್ನು ಹತ್ತು ಮಂದಿಯ ಮುಂದೆ ಹೇಳಿಸದಿದ್ದರೆ, ಭಯದ ಅರ್ಧಭಾಗವು ದಾರಿಯಲ್ಲಿಯೇ ಇಳಿದೀತು.

ಹದಿಹರೆಯದವರ ಸಂಕಟವು ಹೀಗೆ ಬೀದಿಗೆ ಬಾರದೆ, ಪರೀಕ್ಷೆಯ ಫಲಿತಾಂಶದ ದಿನ ಕದವಿಕ್ಕಿಕೊಂಡ ಕೋಣೆಯೊಳಗೆ ಉಳಿದುಬಿಡುವುದುಂಟು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆಲ್ಲನೆ ಕೇಳುವುದರಿಂದ ಆ ಯೋಚನೆಯು ಹುಟ್ಟುವುದಿಲ್ಲ. ‘ಹೌದು’ ಎಂದರೆ ಗದರಬಾರದು, ಒಂಟಿಯಾಗಿ ಬಿಡಬಾರದು. ಕೃಷಿಕರ ಮನೆಗಳಲ್ಲಿ ಕ್ರಿಮಿನಾಶಕವನ್ನು ಬೀಗದೊಳಗಿಟ್ಟು ಕೀಲಿಕೈಯನ್ನು ಹಿರಿಯರು ಇಟ್ಟುಕೊಳ್ಳಬೇಕು. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೂ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಅಪ್ರಾಪ್ತವಯಸ್ಕರನ್ನು ವಯಸ್ಕರಿಂದ ಬೇರೆಯಾಗಿರಿಸಬೇಕೆಂದೂ, ಅವರ ಪರವಾದ ಒಬ್ಬರು ಉದ್ದಕ್ಕೂ ಜೊತೆಗಿರಬೇಕೆಂದೂ ವಿಧಿಸಿದೆ. ಮಕ್ಕಳ ಸಹಾಯವಾಣಿ 1098. ಮನೋವೇದನೆಗೆ ಹಗಲಿರುಳೂ ಓಗೊಡುವ ಟೆಲಿ ಮಾನಸ್ 14416. ಎರಡೂ ಶುಲ್ಕರಹಿತ.