ನಮ್ಮವರ ಅಂಗಡಿ ಹುಡುಕಿದರೆ ಸಿಗಬೇಕು

ಈ ಸ್ಮರಣ ಸಂಚಿಕೆಯ ಜಾಹೀರಾತು ಪುಟಗಳನ್ನು ಒಮ್ಮೆ ತಿರುವಿ ನೋಡಿ. ಹಬ್ಬದ ಊಟಕ್ಕೆ ಆರ್ಡರ್ ತೆಗೆದುಕೊಳ್ಳುವವರು, ದಿನಸಿ ಅಂಗಡಿಯವರು, ಭರತನಾಟ್ಯ ಕಲಿಸುವವರು, ಟ್ಯಾಕ್ಸ್ ಫೈಲ್ ಮಾಡಿಕೊಡುವವರು, ಮದುವೆ ಮುಂಜಿಗೆ ಮಂಟಪ ಅಲಂಕರಿಸುವವರು. ನಮ್ಮ ನಿಧಿ ಸಂಗ್ರಹಕ್ಕೆ ಕೇಳಿದ ಕೂಡಲೇ ಚೆಕ್ ಬರೆಯುವವರು ಬಹುಪಾಲು ಇವರೇ. ಈ ಒಂದು ಪುಟದಿಂದ ಅವರಿಗೆ ಎಷ್ಟು ಜನ ಹೊಸ ಗಿರಾಕಿಗಳು ಸಿಕ್ಕರು ಎಂದು ಕೇಳುವ ಧೈರ್ಯ ಮಾತ್ರ ನಮ್ಮಲ್ಲಿ ಯಾರಿಗೂ ಇಲ್ಲ!

ಕಾರಣ ಸರಳ. ಈ ಸಂಚಿಕೆ ಓದುವವರು ನಾವು ನಾವೇ. ನಮಗೆ ಆ ಅಂಗಡಿಗಳು ಮೊದಲೇ ಗೊತ್ತು. ಕಳೆದ ತಿಂಗಳು ಸನಿವೇಲ್‌ನ ಅಪಾರ್ಟ್‌ಮೆಂಟಿಗೆ ಬಂದಿಳಿದ ಹೊಸ ಕನ್ನಡ ಕುಟುಂಬಕ್ಕೆ ಗೊತ್ತಿಲ್ಲ. ಪಕ್ಕದ ಮನೆಯ ಮರಾಠಿಯವರಿಗೆ, ಮಗಳ ಗೆಳತಿಯ ಅಮೆರಿಕನ್ ತಾಯಿಗೆ ಗೊತ್ತಿಲ್ಲ. ಅವರೆಲ್ಲ ಹುಡುಕುವುದು ಫೋನಿನಲ್ಲಿ. ಅಲ್ಲಿ ಸಿಗದಿದ್ದರೆ ಅವರ ಮಟ್ಟಿಗೆ ಆ ಅಂಗಡಿ ಇಲ್ಲವೇ ಇಲ್ಲ. ನಾವು ನಾವೇ ಕೊಟ್ಟು ತೆಗೆದುಕೊಳ್ಳುವ ವ್ಯಾಪಾರದಿಂದ ಕೊಲ್ಲಿ ಪ್ರದೇಶದ ಬಾಡಿಗೆ ಕಟ್ಟಿ ಬದುಕುವುದು ಯಾರಿಗೂ ಸುಲಭವಲ್ಲ.

ಫೋನಿನಲ್ಲಿ "ಹತ್ತಿರದ ಸೌತ್ ಇಂಡಿಯನ್ ಕೇಟರಿಂಗ್" ಎಂದು ಹುಡುಕಿದರೆ ಏನಾಗುತ್ತದೆ? ಮೇಲೆ ಒಂದು ನಕ್ಷೆ, ಅದರ ಕೆಳಗೆ ಸಾಮಾನ್ಯವಾಗಿ ಮೂರು ಹೆಸರುಗಳು. 2015ರ ಆಗಸ್ಟ್‌ವರೆಗೆ ಗೂಗಲ್ ಅಲ್ಲಿ ಏಳು ಹೆಸರು ತೋರಿಸುತ್ತಿತ್ತು. ಆಮೇಲೆ ಅದನ್ನು ಮೂರಕ್ಕೆ ಇಳಿಸಿತು. ಉಳಿದವರನ್ನು ನೋಡಬೇಕಾದರೆ ಇನ್ನೊಮ್ಮೆ ಒತ್ತಬೇಕು. ಹಸಿದವರು ಯಾರು ಒತ್ತುತ್ತಾರೆ?

ಆ ಮೂವರನ್ನು ಆರಿಸುವುದು ಹೇಗೆ ಎಂಬುದನ್ನು ಗೂಗಲ್ ಮುಚ್ಚಿಟ್ಟಿಲ್ಲ. ಮುಖ್ಯವಾಗಿ ಮೂರು ವಿಷಯ ನೋಡುತ್ತೇವೆ ಎಂದು ತಾನೇ ಹೇಳುತ್ತದೆ. ಹುಡುಕಿದ ಮಾತಿಗೂ ನಿಮ್ಮ ಕಸುಬಿಗೂ ಎಷ್ಟು ಹೊಂದಿಕೆ, ಹುಡುಕುವವರಿಂದ ನೀವು ಎಷ್ಟು ದೂರ, ಮತ್ತು ನೀವು ಎಷ್ಟು ಹೆಸರುವಾಸಿ. ಇದರಲ್ಲಿ ದೂರ ನಮ್ಮ ಕೈಯಲ್ಲಿಲ್ಲ. ಫ್ರೀಮಾಂಟಿನ ಅಂಗಡಿಯನ್ನು ಎಲ್ ಕಮಿನೋ ರಿಯಲ್ ರಸ್ತೆಗೆ ಎತ್ತಿಕೊಂಡು ಹೋಗಲಾಗುವುದಿಲ್ಲ. ಹೊಂದಿಕೆ ಪೂರ್ತಿಯಾಗಿ ನಮ್ಮ ಕೈಯಲ್ಲಿದೆ. ಹೆಸರುವಾಸಿಯಾಗುವುದು ಅರ್ಧ ನಮ್ಮ ಕೈಯಲ್ಲಿ, ಅರ್ಧ ಗಿರಾಕಿಗಳ ಕೈಯಲ್ಲಿ. ದುಡ್ಡು ಕೊಟ್ಟು ಈ ಕ್ರಮಾಂಕದಲ್ಲಿ ಮೇಲೇರುವ ದಾರಿ ಇಲ್ಲ ಎಂಬುದನ್ನೂ ಗೂಗಲ್ ಸ್ಪಷ್ಟವಾಗಿ ಬರೆದಿದೆ. ಜಾಹೀರಾತು ಬೇರೆ, ಅದರ ಮೇಲೆ "ಸ್ಪಾನ್ಸರ್ಡ್" ಎಂಬ ಚೀಟಿ ಅಂಟಿರುತ್ತದೆ.

ಮೊದಲ ಕೆಲಸ ಗೂಗಲ್‌ನಲ್ಲಿ ಅಂಗಡಿಯ ವಿವರಪುಟವನ್ನು ನಮ್ಮ ಹೆಸರಿಗೆ ಮಾಡಿಕೊಳ್ಳುವುದು. ಇದು ಉಚಿತ. ಇದಕ್ಕೆ ಕಾಲಕಾಲಕ್ಕೆ ಹೆಸರು ಬದಲಾದದ್ದರಿಂದ ಹಿರಿಯರಿಗೆ ಗೊಂದಲವಾಗುತ್ತದೆ. 2010ರಲ್ಲಿ ಗೂಗಲ್ ಪ್ಲೇಸಸ್, 2014ರಲ್ಲಿ ಗೂಗಲ್ ಮೈ ಬಿಸಿನೆಸ್, 2021ರ ನವೆಂಬರ್‌ನಿಂದ ಗೂಗಲ್ ಬಿಸಿನೆಸ್ ಪ್ರೊಫೈಲ್. ಸೊಸೆಗೆ ಗಂಡನ ಮನೆಯಲ್ಲಿ ಹೊಸ ಹೆಸರಿಟ್ಟ ಹಾಗೆ, ಹುಡುಗಿ ಅದೇ! ಇದರ ಜೊತೆಗೆ ಗೂಗಲ್ ಪುಕ್ಕಟೆಯಾಗಿ ಒಂದು ಪುಟ್ಟ ವೆಬ್‌ಸೈಟನ್ನೂ ಕೊಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಿಬಿಟ್ಟಿತು. ಆ ಹಳೆಯ ವಿಳಾಸವನ್ನು ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿದವರು ನಿಮ್ಮ ಪರಿಚಯದಲ್ಲಿದ್ದರೆ ದಯವಿಟ್ಟು ಹೇಳಿ.

ಪುಟ ನಿಮ್ಮದೇ ಎಂದು ಸಾಬೀತು ಮಾಡಬೇಕಾಗುತ್ತದೆ. ಫೋನ್, ಇ-ಮೇಲ್, ಅಂಚೆ ಕಾರ್ಡು ಅಥವಾ ವೀಡಿಯೋ, ಯಾವುದು ಬೇಕೆಂದು ಗೂಗಲ್ಲೇ ನಿರ್ಧರಿಸುತ್ತದೆ. ವೀಡಿಯೋ ಕೇಳಿದರೆ ಗಾಬರಿ ಬೇಡ. ರಸ್ತೆ, ಅಂಗಡಿಯ ಬೋರ್ಡು, ನೀವು ಬೀಗ ತೆಗೆದು ಒಳಗೆ ಹೋಗುವುದು, ಕೆಲಸದ ಸಾಮಾನು, ಇಷ್ಟನ್ನು ಒಂದೇ ಸಲಕ್ಕೆ, ಮಧ್ಯೆ ನಿಲ್ಲಿಸದೆ ಚಿತ್ರೀಕರಿಸಿದರೆ ಸಾಕು.

ಮನೆಯಿಂದಲೇ ಕೆಲಸ ಮಾಡುವವರಿಗೆ ಒಂದು ಮಾತು. ನಮ್ಮಲ್ಲಿ ಇಂಥವರೇ ಹೆಚ್ಚು. ಮನೆ ವಿಳಾಸ ಊರಿಗೆಲ್ಲ ಕಾಣುತ್ತದೆಂಬ ಭಯದಿಂದ ಅನೇಕ ಹೆಂಗಸರು ಈ ಕಡೆ ಬರುವುದೇ ಇಲ್ಲ. ಆ ಭಯ ಬೇಕಿಲ್ಲ. ಗಿರಾಕಿಗಳ ಮನೆಗೆ ಹೋಗಿ ಕೆಲಸ ಮಾಡುವವರು ಅಥವಾ ಊಟ ತಲುಪಿಸುವವರು ವಿಳಾಸವನ್ನು ಮರೆಮಾಡಿ, ಯಾವ ಯಾವ ಊರುಗಳಿಗೆ ಬರುತ್ತೇವೆ ಎಂದಷ್ಟೇ ತೋರಿಸಬಹುದು. 20 ಊರುಗಳವರೆಗೆ ಹಾಕಲು ಅವಕಾಶವಿದೆ. ಮಿಲ್ಪಿಟಾಸ್, ಸ್ಯಾನ್ ಹೋಸೆ, ಸಾಂಟಾ ಕ್ಲಾರಾ ಎಂದು ಹಾಕಿದರೆ ಸರಿ. ಲಾಸ್ ಏಂಜಲಿಸ್ ಕೂಡ ಸೇರಿಸಿಬಿಡೋಣ ಎನ್ನುವ ಆಸೆ ಬೇಡ, ಸುಮಾರು ಎರಡು ಗಂಟೆಯ ಡ್ರೈವಿನೊಳಗೆ ಇರಬೇಕೆಂಬುದು ನಿಯಮ. ಅಂಚೆ ಪೆಟ್ಟಿಗೆಯ ನಂಬರನ್ನು ಅಂಗಡಿಯ ವಿಳಾಸವೆಂದು ಕೊಡುವಂತಿಲ್ಲ. ಇಡೀ ಪಾಠ ಜೂಮ್‌ನಲ್ಲೇ ನಡೆಯುವುದಾದರೆ, ಅಂದರೆ ಶಿಷ್ಯರ ಮುಖವನ್ನು ಎದುರಿಗೆ ನೋಡುವುದೇ ಇಲ್ಲವಾದರೆ, ಈ ಪುಟಕ್ಕೆ ಅರ್ಹತೆ ಇಲ್ಲ. ಅಡುಗೆಯವರು ಇನ್ನೊಂದನ್ನು ಗಮನಿಸಬೇಕು. ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು ಯಾರ ಕಣ್ಣಿಗೂ ಬೀಳದು; ಗೂಗಲ್‌ಗೆ ಬಂದ ಮೇಲೆ ಕೌಂಟಿಯವರ ಕಣ್ಣಿಗೂ ಬೀಳುತ್ತದೆ. ಪರ್ಮಿಟ್ ಮೊದಲು, ಪುಟ ಆಮೇಲೆ.

ಈಗ ಹೊಂದಿಕೆಯ ವಿಷಯ. ನನ್ನ ದೃಷ್ಟಿಯಲ್ಲಿ ನಮ್ಮವರು ಹೆಚ್ಚು ಕಳೆದುಕೊಳ್ಳುತ್ತಿರುವುದು ಇಲ್ಲೇ. ಯುಗಾದಿ ಬಂತು, ಒಬ್ಬರು ಹೋಳಿಗೆ ಮಾಡಿ ಮಾರುತ್ತಾರೆ ಎನ್ನಿ. ಅವರ ಪುಟದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ "ಹೋಳಿಗೆ" ಎಂದಷ್ಟೇ ಇದೆ. ಮೈಸೂರಿನವರು ಹುಡುಕುವುದು "ಒಬ್ಬಟ್ಟು". ಮರಾಠಿಯವರು "ಪೂರನ್ ಪೋಳಿ" ಎನ್ನುತ್ತಾರೆ, ತೆಲುಗಿನವರು "ಬೊಬ್ಬಟ್ಲು" ಎನ್ನುತ್ತಾರೆ, ತಮಿಳರಿಗೆ ಅದು ಬರೀ "ಪೋಳಿ". ಒಂದೇ ಹೂರಣ, ಐದು ಹೆಸರು! ಸಿಹಿ ಎಂದರೆ ಏನೆಂದು ಗೊತ್ತಿಲ್ಲದ ಅಮೆರಿಕನ್ನರು "ಸ್ವೀಟ್ ಫ್ಲ್ಯಾಟ್‌ಬ್ರೆಡ್" ಎಂದು ಹುಡುಕಿದರೂ ಆಶ್ಚರ್ಯವಿಲ್ಲ. ಯಂತ್ರ ಈಗೀಗ ಜಾಣವಾಗಿದೆ, ಎಷ್ಟೋ ಸಲ ತಾನೇ ಊಹಿಸುತ್ತದೆ. ಆದರೂ ಊಹೆಗೆ ಬಿಡುವುದೇಕೆ? ಪುಟದ ವಿವರಣೆಯಲ್ಲಿ, ತಿಂಡಿಗಳ ಪಟ್ಟಿಯಲ್ಲಿ, ಈ ಎಲ್ಲ ಹೆಸರುಗಳನ್ನು ಸಹಜವಾದ ಒಂದೆರಡು ವಾಕ್ಯಗಳಲ್ಲಿ ಬರೆಯಿರಿ. ಚಕ್ಕುಲಿಗೆ ಮುರುಕ್ಕು, ಸಾರಿಗೆ ರಸಂ, ಹಾಗೆಯೇ ಮುಂದುವರಿಸಿ. ಕನ್ನಡ ಬಿಟ್ಟುಕೊಟ್ಟಂತೆ ಆಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಹೋಳಿಗೆ ಎಂಬ ಮಾತನ್ನು ಮೊದಲು ಬರೆಯಿರಿ, ಉಳಿದವರು ಅದನ್ನು ಕಲಿಯುತ್ತಾರೆ.

ಇದೇ ಹೆಸರುಗಳನ್ನು ಅಂಗಡಿಯ ಹೆಸರಿಗೇ ಪೋಣಿಸುವುದು ಮಾತ್ರ ಅಪಾಯ. ಬೋರ್ಡಿನ ಮೇಲೆ "ಶ್ರೀ ಲಕ್ಷ್ಮಿ ಫುಡ್ಸ್" ಎಂದಿದ್ದು, ಗೂಗಲ್‌ನಲ್ಲಿ "ಶ್ರೀ ಲಕ್ಷ್ಮಿ ಫುಡ್ಸ್ ಬೆಸ್ಟ್ ದೋಸೆ ಇಡ್ಲಿ ಕೇಟರಿಂಗ್ ಫ್ರೀಮಾಂಟ್" ಎಂದು ಬರೆದರೆ ನಿಯಮಕ್ಕೆ ವಿರುದ್ಧ. ಯಾರಾದರೂ ದೂರು ಕೊಟ್ಟರೆ ಪುಟವೇ ಅಮಾನತ್ತಾಗಬಹುದು. ಇನ್ನು "ಶ್ರೀ" ವಿಷಯಕ್ಕೆ ಬಂದರೆ, ಇಂಗ್ಲಿಷಿನಲ್ಲಿ ಅದನ್ನು ಎಸ್ ಆರ್ ಐ ಎಂದೂ, ಎಸ್ ಎಚ್ ಆರ್ ಐ ಎಂದೂ, ಕೊನೆಗೆ ಎರಡು ಇ ಹಾಕಿಯೂ ಬರೆಯುತ್ತೇವೆ. ಬೋರ್ಡಿನಲ್ಲಿ ಒಂದು, ಯೆಲ್ಪ್‌ನಲ್ಲಿ ಇನ್ನೊಂದು, ಫೇಸ್‌ಬುಕ್ಕಿನಲ್ಲಿ ಮತ್ತೊಂದು. ಫೋನ್ ನಂಬರು ಒಂದು ಕಡೆ ಅಂಗಡಿಯದು, ಇನ್ನೊಂದು ಕಡೆ ಯಜಮಾನರದು. ಹೀಗಾದರೆ ಒಂದೇ ಅಂಗಡಿ ಯಂತ್ರಕ್ಕೆ ಮೂರಾಗಿ ಕಂಡು, ಗಳಿಸಿದ ಹೆಸರು ಮೂರು ಪಾಲಾಗುತ್ತದೆ. ಒಂದು ಬಗೆಯನ್ನು ನಿಶ್ಚಯಿಸಿ ಎಲ್ಲ ಕಡೆ ಅದನ್ನೇ ಬರೆಯಿರಿ. ಐಫೋನ್ ಇರುವವರು ಆಪಲ್ ನಕ್ಷೆಯಲ್ಲೂ ಹುಡುಕುತ್ತಾರೆ. 2023ರ ಜನವರಿಯಲ್ಲಿ ಆಪಲ್ ಕೂಡ ಅಂಗಡಿಯವರು ತಮ್ಮ ವಿವರವನ್ನು ತಾವೇ ಉಚಿತವಾಗಿ ತಿದ್ದಿಕೊಳ್ಳುವ ಸೌಲಭ್ಯ ಆರಂಭಿಸಿತು. ಬಿಂಗ್‌ನಲ್ಲೂ ಇದೆ.

ಪುಟದಲ್ಲಿ ಕಸುಬಿನ ವರ್ಗವನ್ನು ಆರಿಸುವಾಗ ಮುಖ್ಯ ವರ್ಗ ಒಂದೇ ಇರುತ್ತದೆ. ಬರೀ "ರೆಸ್ಟೋರೆಂಟ್" ಎನ್ನುವುದಕ್ಕಿಂತ "ಸೌತ್ ಇಂಡಿಯನ್ ರೆಸ್ಟೋರೆಂಟ್" ಎನ್ನುವುದು ಮೇಲು. ಆದರೆ ಬರುವ ದುಡ್ಡಿನಲ್ಲಿ ಮುಕ್ಕಾಲು ಪಾಲು ಮದುವೆ ಊಟದ್ದಾದರೆ "ಕೇಟರರ್" ಮುಖ್ಯವಾಗಬೇಕು. ಮೆನುವನ್ನು ಅಕ್ಷರಗಳಲ್ಲಿ ಬರೆಯಿರಿ, ಬಣ್ಣಬಣ್ಣದ ಚಿತ್ರವಾಗಿ ಮಾತ್ರ ಹಾಕಬೇಡಿ. ವಾಟ್ಸಾಪ್‌ಗೆಂದು ಮಾಡಿದ ಫ್ಲೈಯರ್ ಎಷ್ಟೇ ಚೆನ್ನಾಗಿದ್ದರೂ ಆ ಗುಂಪಿನ ಗೋಡೆ ದಾಟಿ ಹೋಗುವುದಿಲ್ಲ.

ಅಂಗಡಿಯ ವೇಳೆ ಸಣ್ಣ ವಿಷಯವೆನಿಸಬಹುದು. ಹಬ್ಬದ ದಿನ ಅಂಗಡಿ ಮುಚ್ಚಿದ್ದು, ಗೂಗಲ್ ಮಾತ್ರ "ತೆರೆದಿದೆ" ಎನ್ನುತ್ತಿದ್ದರೆ, ಟ್ರೇಸಿಯಿಂದ ಎರಡು ಮಕ್ಕಳನ್ನು ಕಟ್ಟಿಕೊಂಡು ಟ್ರಾಫಿಕ್ಕಿನಲ್ಲಿ ಬಂದ ಸಂಸಾರ ಬಾಗಿಲು ನೋಡಿಕೊಂಡು ವಾಪಸ್ಸು ಹೋಗಿ ಬರೆಯುವ ಅಭಿಪ್ರಾಯವನ್ನು ಊಹಿಸಿಕೊಳ್ಳಿ. ಹಬ್ಬ, ರಜಾ ದಿನಗಳಿಗೆ ವಿಶೇಷ ವೇಳೆ ನಮೂದಿಸಲು ಅಲ್ಲೇ ಜಾಗವಿದೆ.

ಅಭಿಪ್ರಾಯಗಳ ವಿಷಯಕ್ಕೆ ಬಂದೆವು. ಇಲ್ಲಿ ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ. ನಮ್ಮವರು ಯಾರಾದರೂ ಹೋಟೆಲ್ ತೆರೆದ ಕೂಡಲೇ ಗುಂಪುಗಳಲ್ಲಿ ಸಂದೇಶ ಹಾರುತ್ತದೆ, "ಎಲ್ಲರೂ ಐದು ನಕ್ಷತ್ರ ಕೊಟ್ಟುಬಿಡಿ, ನಮ್ಮವರು!" ಒಂದೇ ರಾತ್ರಿಯಲ್ಲಿ ನಲವತ್ತು ಅಭಿಪ್ರಾಯ, ಅದರಲ್ಲಿ ಹತ್ತು ಬೆಂಗಳೂರಿನಿಂದ, ಇನ್ನೂ ಆ ಹೋಟೆಲಿನ ನೀರನ್ನೂ ಕುಡಿಯದವರಿಂದ. ಇದು ಸಹಾಯವಲ್ಲ. ಹೀಗೆ ದಿಢೀರನೆ ಬಂದದ್ದನ್ನು ಗೂಗಲ್ ಗುರುತಿಸಿ ಅಳಿಸಬಹುದು. ಸ್ವಲ್ಪ ಕಾಲ ಹೊಸ ಅಭಿಪ್ರಾಯಗಳನ್ನೇ ತಡೆಹಿಡಿಯಬಹುದು. ಸುಳ್ಳು ಅಭಿಪ್ರಾಯಗಳನ್ನು ತೆಗೆದುಹಾಕಲಾಗಿದೆ ಎಂಬ ಎಚ್ಚರಿಕೆಯನ್ನು ಪುಟದ ಮೇಲೆಯೇ ತೋರಿಸಬಹುದು. ಆಗ ನಿಜವಾಗಿ ಊಟ ಮಾಡಿ ಮೆಚ್ಚಿ ಬರೆದವರ ಮಾತಿಗೂ ಬೆಲೆ ಹೋಗುತ್ತದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮಾಡಿದ ನಿಯಮವೊಂದು 2024ರ ಅಕ್ಟೋಬರ್ 21ರಿಂದ ಜಾರಿಯಲ್ಲಿದೆ. ಸುಳ್ಳು ಅಭಿಪ್ರಾಯ ಬರೆಸುವುದು, ಕೊಳ್ಳುವುದು, ಹೊಗಳಿಕೆಗೆ ಪ್ರತಿಫಲ ಕೊಡುವುದು ಅದರ ಪ್ರಕಾರ ತಪ್ಪು. ಹತ್ತಿರದ ಸಂಬಂಧಿಕರಿಂದ ಸಂಬಂಧ ತಿಳಿಸದೆ ಬರೆಸುವುದನ್ನೂ ಅದು ಬಿಟ್ಟಿಲ್ಲ. ದಂಡ ಒಂದೊಂದು ಉಲ್ಲಂಘನೆಗೂ 50 ಸಾವಿರ ಡಾಲರ್ ದಾಟಬಹುದು. ಅತ್ತಿಗೆ ಪ್ರೀತಿಯಿಂದ ಬರೆದ ನಾಲ್ಕು ಸಾಲನ್ನು ಹಿಡಿದು ಸರ್ಕಾರ ಮನೆ ಬಾಗಿಲಿಗೆ ಬರಲಿಕ್ಕಿಲ್ಲ, ಆದರೆ ಅದೇ ವ್ಯಾಪಾರದ ಪದ್ಧತಿಯಾಗಬಾರದು.

ಹಾಗಾದರೆ ಏನು ಮಾಡಬೇಕು? ಊಟ ಮಾಡಿದವರು ಬರೆಯಿರಿ. ಬರೀ ನಕ್ಷತ್ರ ಒತ್ತಬೇಡಿ, ಏನು ತಿಂದಿರಿ, ಎಷ್ಟು ಜನರ ಸಮಾರಂಭ, ಹೇಳಿದ ಹೊತ್ತಿಗೆ ತಂದರೋ ಇಲ್ಲವೋ, ಮೂರು ಸಾಲು ಸಾಕು. "ಮಗನ ಮುಂಜಿಗೆ 80 ಜನಕ್ಕೆ ಬಿಸಿಬೇಳೆ ಭಾತ್ ಮಾಡಿಸಿದ್ದೆವು" ಎಂಬ ಒಂದು ವಾಕ್ಯ "ಸೂಪರ್!" ಎಂಬ ಇಪ್ಪತ್ತಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ನಾಳೆ ಅದನ್ನೇ ಹುಡುಕುವವರಿದ್ದಾರೆ. ಅಂಗಡಿಯವರು ಕೇಳುವುದರಲ್ಲಿ ಸಂಕೋಚ ಬೇಡ. ಗೂಗಲ್ ಅದಕ್ಕೆ ಅಡ್ಡಿಯಿಲ್ಲ ಎನ್ನುತ್ತದೆ, ರಿಯಾಯಿತಿಯ ಆಮಿಷ ಮಾತ್ರ ಕೂಡದು. ಯೆಲ್ಪ್‌ನವರು ಕೇಳುವುದೇ ಬೇಡ ಎನ್ನುತ್ತಾರೆ, ಅವರ ಮನೆ ಅವರ ರೀತಿ. ಯಾರಾದರೂ ಬೈದು ಬರೆದರೆ ಸಿಟ್ಟು ಆರಿದ ಮೇಲೆ ಎರಡು ಸಾಲಿನ ಸೌಜನ್ಯದ ಉತ್ತರ ಕೊಡಿ. ಆ ಉತ್ತರ ಬೈದವರಿಗಲ್ಲ, ಮುಂದೆ ಓದುವವರಿಗೆ.

ಇಷ್ಟರ ಮಧ್ಯೆ ಫೋನ್ ಬರುತ್ತದೆ. "ನಿಮ್ಮ ಗೂಗಲ್ ಲಿಸ್ಟಿಂಗ್ ರದ್ದಾಗಲಿದೆ, ಒಂದನ್ನು ಒತ್ತಿ" ಎಂದು ಧ್ವನಿಮುದ್ರಿಕೆ ಹೇಳುತ್ತದೆ. ಇಂಥ ಕರೆಗಳಿಂದ ಸಣ್ಣ ವ್ಯಾಪಾರಿಗಳನ್ನು ಹೆದರಿಸಿ ಹಣ ಕಿತ್ತ ಫ್ಲಾರಿಡಾದ ಕಂಪನಿಯೊಂದರ ಮೇಲೆ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲೇ ಮೊಕದ್ದಮೆ ಹೂಡಿತ್ತು. ಕರೆಗಳು ನಿಂತಿಲ್ಲ. ಪುಟಕ್ಕೆ ಶುಲ್ಕವಿಲ್ಲ, ಆದ್ದರಿಂದ ಶುಲ್ಕ ಕೇಳಿದವರು ಗೂಗಲ್ ಅಲ್ಲ. ಫೋನಿಗೆ ಬಂದ ಗುಪ್ತಸಂಖ್ಯೆಯನ್ನು ಕೇಳಿದರೆ ಕೂಡಲೇ ಕೆಳಗಿಡಿ. "ಮೊದಲನೇ ಸ್ಥಾನ ಗ್ಯಾರಂಟಿ" ಎನ್ನುವವರಿಗೂ ಅದೇ ಉತ್ತರ.

ಕೊನೆಯದಾಗಿ ನಮ್ಮ ಹೈಸ್ಕೂಲು, ಕಾಲೇಜು ಮಕ್ಕಳಿಗೆ. ಒಂದು ಶನಿವಾರ ಮಧ್ಯಾಹ್ನ ಆಂಟಿಯ ಅಥವಾ ಅಂಕಲ್ ಅಂಗಡಿಯಲ್ಲಿ ಎರಡು ಗಂಟೆ ಕುಳಿತರೆ ಮೇಲಿನದೆಲ್ಲ ಆಗುತ್ತದೆ. ಆದರೆ ಪುಟವನ್ನು ನಿಮ್ಮ ಜೀಮೇಲಿನಲ್ಲಿ ತೆರೆಯಬೇಡಿ. ನೀವು ಬೇರೆ ಊರಿಗೆ ಓದಲು ಹೋದ ಮೇಲೆ ಅವರು ಅಂಗಡಿಯ ಫೋನ್ ನಂಬರು ಬದಲಿಸಲೂ ಪರದಾಡಬೇಕಾಗುತ್ತದೆ. ಅವರ ಹೆಸರಿನಲ್ಲೇ ಖಾತೆ ತೆರೆದು ಅವರನ್ನು ಪ್ರೈಮರಿ ಓನರ್ ಮಾಡಿ, ನೀವು ಮ್ಯಾನೇಜರ್ ಆಗಿರಿ. ಮಾಡಿ ಮುಗಿಸಿ ಅಂಗಡಿಯೊಳಗೇ ಕುಳಿತು ಹುಡುಕಿ ನೋಡಿ, "ನಾವೇ ಫಸ್ಟ್!" ಎಂದು ಹಿಗ್ಗಬೇಡಿ. ಅಲ್ಲಿ ದೂರವೇ ಇಲ್ಲವಲ್ಲ! ಊರಿನ ಇನ್ನೊಂದು ತುದಿಯಲ್ಲಿರುವ ಸ್ನೇಹಿತರಿಗೆ ಹೇಳಿ, ಅಂಗಡಿಯ ಹೆಸರು ಹಾಕದೆ "ಒಬ್ಬಟ್ಟು" ಎಂದು ಹುಡುಕಿಸಿ. ಒಂದು ತಿಂಗಳು ಬಿಟ್ಟು ಮತ್ತೆ ಹುಡುಕಿಸಿ.