ನಾವಿಕರ ಮೊಬೈಲಿನಲ್ಲಿದ್ದ ಕಡಲ ಸಿನಿಮಾ

ಶಾರ್ಜಾದಲ್ಲಿ ಕೆಲವು ವರ್ಷ ದುಡಿದು ಬಂದ ನಮ್ಮವರಿಗೆ ಅಲ್ಲಿನ ಕ್ರೀಕ್ ಗೊತ್ತಿಲ್ಲದೆ ಇರಲ್ಲ. ದಕ್ಕೆಗೆ ತಾಗಿ ನಿಂತ ಮರದ ಹಡಗುಗಳು, ಹಗ್ಗ ಬಿಗಿದ ಸರಕು, ಡೆಕ್ಕಿನ ಮೇಲೆ ಒಣಗುವ ಬಟ್ಟೆ. ಮಂಗಳೂರಿನ ಹಳೆ ಬಂದರಿನಲ್ಲಿ ಮಂಜಿ ನೋಡಿ ಬೆಳೆದವರಿಗೆ ಇದೇನೂ ಹೊಸ ನೋಟವಲ್ಲ. ಆದರೆ ಆ ಹಡಗುಗಳಲ್ಲಿ ದುಡಿಯುವವರ ಬದುಕನ್ನು ಕಲೆಯೆಂದು ಗುರುತಿಸಿ, ಒಂದು ಕಲಾ ಸಂಸ್ಥೆ ಅದಕ್ಕೆ ಬೆಂಬಲ ಕೊಟ್ಟ ಕಥೆ ಹೆಚ್ಚಿನವರಿಗೆ ಗೊತ್ತಿರಲಾರದು.

ಶಾರ್ಜಾ ಬಿಯೆನಾಲೆ ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾ ಪ್ರದರ್ಶನ. 1993ರಲ್ಲಿ ಶುರುವಾದದ್ದು. 2009ರ ಬಿಯೆನಾಲೆಯಲ್ಲಿ ಮುಂಬೈಯ 'ಕ್ಯಾಂಪ್' ತಂಡ ಭಾಗವಹಿಸಿತು. ಶೈನಾ ಆನಂದ್, ಅಶೋಕ್ ಸುಕುಮಾರನ್ ಈ ತಂಡದವರು. ಅವರು ಚಿತ್ರ ಬರೆದು ಗೋಡೆಗೆ ತೂಗುಹಾಕಲಿಲ್ಲ. ಸೊಮಾಲಿಯಾಕ್ಕೆ ಹೊರಟ ಹಡಗುಗಳ ಸರಕಿನ ಪಟ್ಟಿಗಳನ್ನು ಸೇರಿಸಿ ಪುಸ್ತಕ ಮಾಡಿದರು. 'ರೇಡಿಯೊ ಮೀನಾ' ಹೆಸರಿನಲ್ಲಿ ಬಂದರಿನಿಂದಲೇ ಕೆಲವು ಸಂಜೆ ರೇಡಿಯೊ ಪ್ರಸಾರ ನಡೆಸಿದರು. ಅರಬಿಯಲ್ಲಿ ಮೀನಾ ಅಂದ್ರೆ ಬಂದರು.

ನಾವಿಕರ ಜೊತೆಗಿನ ಒಡನಾಟ ಅಲ್ಲಿಗೇ ಮುಗಿಯಲಿಲ್ಲ. ಕಛ್, ಸಿಂಧ್, ಬಲೂಚಿಸ್ತಾನ, ದಕ್ಷಿಣ ಇರಾನಿನ ಈ ನಾವಿಕರು ಕಡಲಲ್ಲಿ ಕಂಡದ್ದನ್ನು ಮೊಬೈಲಿನಲ್ಲಿ ಹಿಡಿದು, ಹಾಡು ಸೇರಿಸಿ, ತಮ್ಮತಮ್ಮೊಳಗೆ ಹಂಚಿಕೊಳ್ಳುತ್ತಿದ್ದರು. ಆ ತುಣುಕುಗಳು ಜೋಡಿಸಿಕೊಂಡು 2013ರಲ್ಲಿ 'ಫ್ರಮ್ ಗಲ್ಫ್ ಟು ಗಲ್ಫ್ ಟು ಗಲ್ಫ್' ಎಂಬ 83 ನಿಮಿಷದ ಸಿನಿಮಾ ಆಯಿತು. ಇದರ ಹಿಂದೆ ನಿಂತದ್ದು 2009ರಲ್ಲಿ ಸ್ಥಾಪನೆಯಾದ ಶಾರ್ಜಾ ಆರ್ಟ್ ಫೌಂಡೇಶನ್. ಶೇಖಾ ಹೂರ್ ಅಲ್ ಖಾಸಿಮಿ ಅದರ ಮುಖ್ಯಸ್ಥೆ.

ಸಿದ್ಧವಾದ ಚಿತ್ರವನ್ನು ಶ್ರೀಮಂತರು ಕೊಳ್ಳುವುದು ಹಳೆಯ ಪದ್ಧತಿ. ಜನರೊಂದಿಗೆ ಬೆರೆತು ಕೆಲಸ ಮಾಡುವ ಕಲಾವಿದನಿಗೆ ಅದು ಸಾಲದು. ಅವನಿಗೆ ಕೆಲಸಕ್ಕೆ ಮೊದಲೇ ಹಣ ಬೇಕು, ವರ್ಷಗಟ್ಟಲೆ ಸಮಯ ಬೇಕು. ಫೌಂಡೇಶನ್‌ಗಳು ಅನುದಾನ ಕೊಡುವುದು ಇದಕ್ಕೇ. ಸಂಗ್ರಹದ ಪ್ರಶ್ನೆಯೂ ಬೇರೆಯೇ. ಸಂಜೆಯ ರೇಡಿಯೊ ಪ್ರಸಾರವನ್ನು ಕಪಾಟಿನಲ್ಲಿ ಇಡಲಾಗುವುದಿಲ್ಲ. ಉಳಿಸಬಹುದಾದದ್ದು ಧ್ವನಿಮುದ್ರಿಕೆ, ಪುಸ್ತಕ, ಸಿನಿಮಾ ಮಾತ್ರ. ಅಷ್ಟಾದರೂ ಉಳಿದರೆ, ಹಡಗು ಒಡೆದ ಮೇಲೂ ಅದರಲ್ಲಿ ದುಡಿದವನ ಮುಖ ಉಳಿಯುತ್ತದೆ.

ಹಣ ಕೊಡುವ ಕೈಗೆ ತಡೆಯುವ ಶಕ್ತಿಯೂ ಇದೆ ಅನ್ನುವುದನ್ನು ಮರೆಯಬಾರದು. 2011ರ ಬಿಯೆನಾಲೆಯಲ್ಲಿ ಅಲ್ಜೀರಿಯಾದ ಲೇಖಕ ಮುಸ್ತಫಾ ಬೆನ್‌ಫೊದಿಲ್ ಅವರ ಕೃತಿಗೆ ಆಕ್ಷೇಪ ಬಂದಾಗ ಅದನ್ನು ತೆಗೆದುಹಾಕಲಾಯಿತು. ಫೌಂಡೇಶನ್ನಿನ ನಿರ್ದೇಶಕ ಜ್ಯಾಕ್ ಪರ್ಸೆಕಿಯನ್ ಹುದ್ದೆ ಕಳೆದುಕೊಂಡರು.

ಇನ್ನು ನಮ್ಮ ಮಾತು. ಇಂಥ ಅನುದಾನಕ್ಕೆ ಕಡಲು ದಾಟಬೇಕೆಂದೇನೂ ಇಲ್ಲ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1995ರಿಂದ ಅನುದಾನ ಕೊಡುತ್ತಿದೆ, ಕನ್ನಡದಲ್ಲೇ ಅರ್ಜಿ ಬರೆಯಬಹುದು. ನಮ್ಮಲ್ಲಿ ಹಾಡು ಕಟ್ಟುವವರು, ಕ್ಯಾಮರಾ ಹಿಡಿದ ಮಕ್ಕಳು ಬೇಕಾದಷ್ಟಿದ್ದಾರೆ. ಗಲ್ಫಿಗೆ ಹೋದವರ ಬದುಕು ಅವರು ಕೈಹಾಕಬಹುದಾದ ವಿಷಯವೇ ಅಲ್ವಾ?

ಕೆಲಸ ಮನೆಯಿಂದಲೇ ಶುರುವಾಗಲಿ. ಬಾಪ ಗಲ್ಫಿನಿಂದ ಮಾತಾಡಿ ಕಳಿಸಿದ ಕ್ಯಾಸೆಟ್, ಕ್ಯಾಂಪಿನ ರೂಮಿನಲ್ಲಿ ತೆಗೆದ ಫೋಟೊ, ಉಮ್ಮ ಜೋಪಾನ ಮಾಡಿದ ಪತ್ರ ಕಪಾಟಿನಲ್ಲಿದ್ದರೆ ಗುಜರಿಗೆ ಹಾಕಬೇಡಿ. ಫೋಟೊದ ಹಿಂದೆ ಹೆಸರು, ಊರು, ಇಸವಿ ಬರೆದಿಡಿ. ಹೇಳಬಲ್ಲ ಹಿರಿಯರು ಇರುವಾಗಲೇ ಬರೆದಿಡಿ.